ಶ್ರೀಶೈಲದ ಕಾಡುದಾರಿ: ನೀರಿನ ಲೆಕ್ಕದಲ್ಲಿ ಒಂದು ದಿನದ ನಡಿಗೆ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹಳ್ಳಿಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವವರ ದಂಡು ಹೊರಡುತ್ತದೆ. ಹಿಂಗಾರಿ ರಾಶಿ ಮುಗಿದಿರುತ್ತದೆ, ಮುಂಗಾರಿಗೆ ಇನ್ನೂ ಎರಡು ತಿಂಗಳು ಇರುತ್ತದೆ. ಒಕ್ಕಲುತನದವನಿಗೆ ಊರು ಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಮಲ್ಲಯ್ಯನ ಕಂಬಿ ಹೊತ್ತವರು ಮುಂದೆ, ಉಳಿದವರು ಹಿಂದೆ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಅಲ್ಲಿಯ ಭ್ರಮರಾಂಬೆಯನ್ನು ನಮ್ಮವರು ಮನೆಮಗಳು ಎಂದೇ ತಿಳಿದಿದ್ದಾರೆ. ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಅರಿಶಿಣ ಕುಂಕುಮ ಒಯ್ಯುವುದು ವಾಡಿಕೆ.

ಒಕ್ಕಲುತನದ ಪತ್ರಿಕೆಯಲ್ಲಿ ಯಾತ್ರೆಯ ಮಾತು ಯಾಕೆ ಬಂತು ಎಂದು ಓದುಗರು ಕೇಳಬಹುದು. ನಾನು 2024ರ ಯುಗಾದಿಗೆ 14 ದಿನ ನಡೆದೆ. ದೇವರ ದರ್ಶನದ ಮಾತು ನನ್ನಲ್ಲೇ ಇರಲಿ. ಆ 14 ದಿನಗಳಲ್ಲಿ ಒಂದು ದಿನ ಕಾಡಿನೊಳಗೆ ಕಂಡದ್ದು ಮಾತ್ರ ಹೊಲಕ್ಕೆ ಸಂಬಂಧಪಟ್ಟದ್ದು. ಅದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ಹಿಂದಿನ ವರ್ಷದ ಸ್ಥಿತಿ ಹೇಳಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತ ಎಂದು ಸಾರಿತು. ನಮ್ಮದು ಅಣ್ಣತಮ್ಮಂದಿರ ಒಟ್ಟು 9 ಎಕರೆ ಎರೆ ಹೊಲ. ಹೆಸರು ಹೂವಿಗೆ ಬಂದು ಒಣಗಿತು, ಬಿಳಿಜೋಳ ಗೇಣುದ್ದ ನಿಂತಿತು. ನಮ್ಮಪ್ಪನ ಕಾಲದಲ್ಲಿ ಕೊರೆಸಿದ ಬೋರು ಒಂದಿತ್ತು, ಅದು ಜನವರಿಯಲ್ಲಿ ಗಾಳಿ ಉಗುಳಲು ಸುರು ಮಾಡಿತು. ಬೇರೆ ಬೋರು ಕೊರೆಸಬೇಕೆಂದು ತಮ್ಮನ ಹಟ. ಎಮ್ಮೆ ಮಾರಿದ್ದು, ಸಂಘದಲ್ಲಿ ತೆಗೆದದ್ದು ಎಲ್ಲ ಸೇರಿ 1 ಲಕ್ಷ 40 ಸಾವಿರ ರೂಪಾಯಿ ಕೂಡಿಸಿದ್ದೆವು. ನಾನು ಹೊರಡುವ ದಿನ ತಮ್ಮ ಹೇಳಿದ: "ಅಣ್ಣಾ, ನೀ ಹೋಗಿ ಬಾ. ಪಾಡ್ಯ ಮುಗದ ಮರುದಿನ ರಿಗ್ ಬರತೈತಿ. ಪಾಯಿಂಟ್ ನೋಡಿಸೇನಿ." ನಾನು ಹೂಂ ಅಂದಿದ್ದೆ. ದಾರಿಯುದ್ದಕ್ಕೂ ತಲೆಯಲ್ಲಿ ಇದೇ ಓಡುತ್ತಿತ್ತು.

ಹೊಲ ಮುಗಿದು ಕಾಡು ಸುರು

ಲಿಂಗಸುಗೂರು, ರಾಯಚೂರು, ಕರ್ನೂಲು, ನಂದಿಕೊಟ್ಕೂರು ದಾಟಿ ಆತ್ಮಕೂರಿಗೆ ಬಂದರೆ ಮುಂದೆ ನಲ್ಲಮಲ ಕಾಡು. ಆತ್ಮಕೂರು ಮೊದಲು ಕರ್ನೂಲು ಜಿಲ್ಲೆಯಲ್ಲಿತ್ತು, 2022ರಿಂದ ಹೊಸ ನಂದ್ಯಾಲ ಜಿಲ್ಲೆಗೆ ಸೇರಿದೆ. ಬಸ್ಸಿನವರು ದೋರನಾಲ ಸುತ್ತಿ ಘಾಟು ಹತ್ತುತ್ತಾರೆ. ನಡೆಯುವವರು ಆತ್ಮಕೂರು ಹತ್ತಿರದ ವೆಂಕಟಾಪುರದಿಂದ ಕಾಡು ಹೊಗುತ್ತಾರೆ. ಹಾದಿಯ ಹೆಸರುಗಳು ನೆನಪಿಡಿ, ಮುಂದೆ ಬೇಕಾಗುತ್ತವೆ: ನಾಗಲೂಟಿ, ಪೆಚ್ಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸದ್ವಾರ. ನಮ್ಮವರ ಬಾಯಲ್ಲಿ ಭೀಮುನಿಕೊಲನು ಭೀಮನಕೊಳ್ಳ ಆಗಿದೆ.

ನಾನು ಹೇಳುವುದು ವೆಂಕಟಾಪುರದಿಂದ ಪೆಚ್ಚೆರುವಿನ ತನಕದ ಒಂದು ದಿನದ ನಡಿಗೆ. ಇದು ಹುಲಿಗಳಿರುವ ಕಾಡು, ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ನಮ್ಮ ದೇಶದ ಹುಲಿ ಕಾಡುಗಳಲ್ಲಿ ವಿಸ್ತಾರದಲ್ಲಿ ಇದೇ ದೊಡ್ಡದು. ಆದ್ದರಿಂದ ಮನಸ್ಸು ಬಂದಾಗ ಒಳಗೆ ಹೋಗುವಂತಿಲ್ಲ. ಹಬ್ಬದ ದಿನಗಳಲ್ಲಿ ಅರಣ್ಯ ಇಲಾಖೆ ದಾರಿ ಬಿಟ್ಟಾಗ, ಬೆಳಕಿರುವಾಗ, ಗುಂಪಾಗಿ ನಡೆಯಬೇಕು.

ನಮ್ಮ ದಂಡಿನಲ್ಲಿ 40 ಮಂದಿ. ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಕೊನೆಯ ಹೊಲಗಳಲ್ಲಿ ಮೆಣಸಿನಕಾಯಿ ಕಣ ಹರವಿದ್ದರು. ಕೆಂಪು ಹಾಸಿನ ಪಕ್ಕದಲ್ಲೇ ನಡೆದೆವು, ಘಾಟಿಗೆ ಎಲ್ಲರೂ ಸೀನಿದೆವು. ಒಬ್ಬ ತಾಯಿ ಕಣದಿಂದೆದ್ದು ಬಂದು ಕಂಬಿಗೆ ಕೈಮುಗಿದು, ನಮಗೆಲ್ಲ ಮಜ್ಜಿಗೆ ಕೊಟ್ಟಳು. ಅವಳಿಗೆ ಕನ್ನಡ ಬಾರದು, ನಮ್ಮ ಹೆಣ್ಣುಮಕ್ಕಳಿಗೆ ತೆಲುಗು ಬಾರದು. ಆದರೂ ಈ ವರ್ಷ ಕಾಯಿಗೆ ರೇಟು ಇಲ್ಲವೆನ್ನುವುದು ಇಬ್ಬರಿಗೂ ತಿಳಿಯಿತು.

ಎಲ್ಲರ ಗಂಟಿನಲ್ಲೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ, ಉಪ್ಪು. ತಲೆಗೆರಡು ಲೀಟರ್ ನೀರು. ನಾನು ಬಲಗಡೆ ಕಿಸೆಯಲ್ಲಿ ಹತ್ತು ಜೋಳದ ಕಾಳು ಹಾಕಿಕೊಂಡಿದ್ದೆ. ಒಂದು ಲೀಟರ್ ಕುಡಿದು ಮುಗಿಸಿದಾಗೆಲ್ಲ ಒಂದು ಕಾಳು ಎಡಗಡೆ ಕಿಸೆಗೆ. ಮನುಷ್ಯನೊಬ್ಬನಿಗೆ ದಿನಕ್ಕೆಷ್ಟು ನೀರು ಬೇಕು, ನೋಡೋಣ ಅಂತ.

ಎಲೆಯ ಹಾಸಿಗೆ

ಕಾಡು ಅಂದರೆ ಮಲೆನಾಡಿನ ಹಾಗೆ ಹಸಿರು ಕತ್ತಲೆ ಅಲ್ಲ. ನಲ್ಲಮಲ ನಮ್ಮ ಹಾಗೇ ಮಳೆ ನಂಬಿದ ಸೀಮೆ. ಯುಗಾದಿ ಹೊತ್ತಿಗೆ ತೇಗ, ಮತ್ತಿ, ದಿಂಡಿಗ, ಬೀಡಿ ಎಲೆಯ ತುಪ್ರ ಎಲ್ಲ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತವೆ. ಬಿದಿರು ಹಳದಿಯಾಗಿರುತ್ತದೆ. ಅಲ್ಲಲ್ಲಿ ಒಂದೊಂದು ಮರ ಮಾತ್ರ ಚಿಗುರಿರುತ್ತದೆ. ಕಾಲಿಟ್ಟಲ್ಲೆಲ್ಲ ಒಣ ಎಲೆ ಚರಚರ.

ನನಗೆ ಒಂದು ಚಟ, ಎಲ್ಲಿ ಹೋದರೂ ಮಣ್ಣು ಕೆದಕಿ ನೋಡುವುದು. ಬಿಡುವಿಗೆ ಕುಳಿತಾಗ ಕೈಯಿಂದ ಎಲೆ ಸರಿಸಿದೆ. ಮೇಲೆ ಇಡೀ ಎಲೆ, ಕೆಳಗೆ ಮುರುಕು, ಅದರ ಕೆಳಗೆ ಗೆದ್ದಲು ತಿಂದ ಪುಡಿ. ಅದರ ಕೆಳಗೆ ಮಣ್ಣು. ಬೆರಳು ಎರಡು ಗೆಣ್ಣು ಒಳಗೆ ಹೋಯಿತು. ಹಸಿ ಇರಲಿಲ್ಲ, ಆದರೆ ತಣ್ಣಗಿತ್ತು. ನೂರು ಹೆಜ್ಜೆ ಮುಂದೆ ಬೆಂಕಿ ಬಿದ್ದು ಸುಟ್ಟುಹೋದ ಜಾಗ ಬಂತು. ಅಲ್ಲಿಯೂ ಕೆದಕಿದೆ. ಅದೇ ಮಣ್ಣು, ಅದೇ ಇಳಿಜಾರು. ಉಗುರು ಇಳಿಯಲಿಲ್ಲ. ಮೇಲೆ ಹಪ್ಪಳದಂಥ ಹೆಪ್ಪು, ಕೈಗೆ ಬಿಸಿ. ಮೊದಲ ಮಳೆ ಬಿದ್ದರೆ ಎಲೆ ಇರುವಲ್ಲಿ ನೀರು ನಿಂತು ಇಳಿಯುತ್ತದೆ, ಸುಟ್ಟ ಜಾಗದಲ್ಲಿ ಓಡುತ್ತದೆ. ಇದನ್ನು ತಿಳಿಯಲು ಮಳೆ ಬರುವವರೆಗೆ ಕಾಯಬೇಕಾಗಿಲ್ಲ.

ನಮ್ಮಲ್ಲಿ ತೊಗರಿ ಕಟ್ಟಿಗೆ, ಕಬ್ಬಿನ ರವದಿ, ಬದುವಿನ ಕಸ ಎಲ್ಲಕ್ಕೂ ಕಡ್ಡಿ ಗೀರುವುದು ಈಗ ರೂಢಿ. ಹೊಲ ಸ್ವಚ್ಛ ಆಗುತ್ತದೆ ಅನ್ನುತ್ತಾರೆ. ಸ್ವಚ್ಛ ಆದ ಮಣ್ಣು ಹೇಗಿರುತ್ತದೆಂದು ಅಲ್ಲಿ ಎರಡೂ ಅಕ್ಕಪಕ್ಕ ಕಂಡವು.

ನಾಗಲೂಟಿಯಿಂದ ಏರು

ಬಿಸಿಲು ಏರುವ ಹೊತ್ತಿಗೆ ನಾಗಲೂಟಿ ಬಂತು. ವೀರಭದ್ರನ ಹಳೇ ಕಲ್ಲಿನ ಗುಡಿ ಇದೆ. ಅಲ್ಲಿ ದಾಸೋಹ ನಡೆದಿತ್ತು. ಅನ್ನ ಸಾರು ಉಂಡು, ನೀರು ತುಂಬಿಸಿಕೊಂಡು ಒಂದು ತಾಸು ಮಲಗಿದೆವು. ಎಡಗಡೆ ಕಿಸೆಯಲ್ಲಿ ಆಗಲೇ ಮೂರು ಕಾಳು.

ಅಲ್ಲಿಂದ ಮುಂದೆ ಗುಡ್ಡದ ಏರು, ಕಲ್ಲಿನ ಮೆಟ್ಟಿಲು. ಹದಿನಾಲ್ಕನೆಯ ಶತಮಾನದಲ್ಲಿ ಆಂಧ್ರದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಿಲಕ್ಕೂ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಬಿಸಿಲಿಗೆ ಕಾದ ಕಲ್ಲು, ಮೇಲೆ ನೆರಳಿಲ್ಲ, ಗಾಳಿಯಿಲ್ಲ. ಮರಗಾಲು ಕಟ್ಟಿಕೊಂಡ ಇಬ್ಬರು ಹುಡುಗರು ನಮ್ಮ ಮುಂದೆಯೇ ಒಂದೊಂದು ಮೆಟ್ಟಿಲಿಗೂ "ಮಲ್ಲಯ್ಯಾ" ಎನ್ನುತ್ತ ಏರಿದರು. ಅವರನ್ನು ನೋಡಿ ನಮಗೆ ಸುಸ್ತೆನ್ನಲು ನಾಚಿಕೆ.

ಏರು ಮುಗಿಯುವಲ್ಲಿ ನೀರಿನ ಡ್ರಮ್ ಇರುತ್ತದೆಂದು ಹಿಂದಿನ ವರ್ಷ ಬಂದವರು ಹೇಳಿದ್ದರು. ಡ್ರಮ್ ಇತ್ತು. ನಮಗಿಂತ ಮುಂದೆ ಹೋದ ದಂಡುಗಳು ಅದನ್ನು ತಳಕಾಣಿಸಿದ್ದವು. ಬಗ್ಗಿಸಿದರೆ ಎರಡು ಚೊಂಬು ಕೂಡ ಬರಲಿಲ್ಲ.

ನಮ್ಮ ಓಣಿಯ ಒಬ್ಬ ಕಾಕಾ ಜೊತೆಗಿದ್ದರು. ವಯಸ್ಸು ಎಪ್ಪತ್ತರ ಮೇಲೆ, ಇದು ಅವರ ಹನ್ನೊಂದನೆಯ ನಡಿಗೆ. ಡ್ರಮ್ಮಿನಿಂದ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಅವರ ಹೆಜ್ಜೆ ಅಡ್ಡಾದಿಡ್ಡಿ ಆಗತೊಡಗಿತು. "ಕಾಕಾ, ಕುಂಡ್ರು" ಅಂದೆ. "ಏನೂ ಆಗಿಲ್ಲ ತಮ್ಮಾ, ನಡೀ" ಅಂದರು. ಎರಡು ಹೆಜ್ಜೆ ಇಟ್ಟವರೇ ಕುಸಿದು ಕುಳಿತರು. ಮುಖ ಕೆಂಪಗೆ, ಮೈ ಸುಡುತ್ತಿತ್ತು, ಬೆವರು ನಿಂತುಹೋಗಿತ್ತು. ಬಿಸಿಲಲ್ಲಿ ದುಡಿಯುವ ಎಲ್ಲರೂ ಇದನ್ನು ತಿಳಿದಿರಬೇಕು. ಬೆವರಿನಿಂದ ಮೈ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಬಿಸಿಲಲ್ಲಿ ಬೆವರು ನಿಂತು ಮೈ ಕಾದರೆ, ಮಾತು ತೊದಲಿದರೆ ಅದು ಜೀವಕ್ಕೆ ಬಂದದ್ದು.

ನಾಲ್ಕು ಮಂದಿ ಎತ್ತಿ ಬಿದಿರು ಮೆಳೆಯ ನೆರಳಿಗೆ ಒಯ್ದೆವು. ಅಂಗಿ ಬಿಚ್ಚಿ, ಇದ್ದಬದ್ದ ನೀರಿನಲ್ಲಿ ಟವೆಲ್ ತೋಯಿಸಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟು ಗಾಳಿ ಹಾಕಿದೆವು. ಸ್ವಲ್ಪ ಎಚ್ಚರಾದ ಮೇಲೆ ಉಪ್ಪು ಬೆಲ್ಲದ ನೀರು ಗುಟುಕು ಗುಟುಕು. ಟವೆಲ್ ಆರಿದ ಕೂಡಲೇ ಮತ್ತೆ ತೋಯಿಸಬೇಕು. ಎಲ್ಲರ ಬಾಟಲಿಗಳೂ ತಳ ಕಂಡವು. ಪೆಚ್ಚೆರುವು ಇನ್ನೂ ದೂರ. ಫೋನಿಗೆ ಸಿಗ್ನಲ್ ಇಲ್ಲ. ಇಬ್ಬರು ಹುಡುಗರನ್ನು ಸಹಾಯ ಕರೆತರಲು ಮುಂದೆ ಓಡಿಸಿದೆವು. ಆ ಕಾಲು ತಾಸು ಯಾರೂ ಮಾತಾಡಲಿಲ್ಲ.

ಉಸುಕಿನೊಳಗಿನ ನೀರು

ಓಡಿದ ಹುಡುಗರು ಬೇಗನೆ ಒಬ್ಬರನ್ನು ಕರೆತಂದರು. ಕಾಡು ಕಾವಲಿಗೆ ನಿಂತಿದ್ದ ಒಬ್ಬ ಚೆಂಚು ಹಿರಿಯ. ಚೆಂಚರು ನಲ್ಲಮಲದ ಮೂಲ ಜನ. ಜೇನು, ಅಂಟು, ಗೆಡ್ಡೆ ಗೆಣಸು ಕೂಡಿಸಿ ಬದುಕಿದವರು. ಈಗ ಹುಲಿ ಕಾಯುವ ಕೆಲಸದಲ್ಲಿಯೂ ಅವರು ಇದ್ದಾರೆ. ಆತ ಕಾಕಾನ ಮುಖ ನೋಡಿದ, ನಮ್ಮ ಖಾಲಿ ಬಾಟಲಿ ನೋಡಿದ. "ನೀಳ್ಳು?" ಅಂದ. ನಾನು "ನೀರು, ನೀರು" ಅಂದೆ. ಅವನ ನೀಳ್ಳು, ನಮ್ಮ ನೀರು, ತಿಳಿಯಲು ಅಷ್ಟೇ ಸಾಕಾಯಿತು.

ನನ್ನನ್ನು ಕೈಸನ್ನೆ ಮಾಡಿ ಕರೆದ. ದಾರಿ ಬಿಟ್ಟು ಇಳಿದರೆ ಒಂದು ಒಣ ಹಳ್ಳ. ಬರೀ ಉಸುಕು, ಗುಂಡುಗಲ್ಲು. ನಾನಾಗಿದ್ದರೆ ಇಲ್ಲೇನು ನೀರು ಅಂತ ದಾಟಿ ಹೋಗುತ್ತಿದ್ದೆ. ಆತ ಹಳ್ಳದಗುಂಟ ನಡೆದು ಒಂದು ತಿರುವಿನಲ್ಲಿ ನಿಂತ. ಅಲ್ಲಿ ದಂಡೆಯಲ್ಲಿ ಎರಡು ಹೊಂಗೆ ಮರ ಹಸಿರಾಗಿದ್ದವು, ಹಳ್ಳಕ್ಕೆ ಅಡ್ಡ ಬಂಡೆಯೊಂದು ಮಲಗಿತ್ತು. ಬಂಡೆಯ ಮೇಲ್ಮಗ್ಗುಲಲ್ಲಿ ಕುಳಿತು ಕೈಯಿಂದ ಉಸುಕು ತೋಡತೊಡಗಿದ. ಮೊಳದಷ್ಟು ಇಳಿದಾಗ ಉಸುಕಿನ ಬಣ್ಣ ಬದಲಾಯಿತು. ಎರಡು ಮೊಳಕ್ಕೆ ಒರ್ತಿ ಬಂತು. ಮೊದಲಿನ ಕದಡು ನೀರು ಎರಡು ಸಲ ಎತ್ತಿ ಹೊರಗೆ ಚೆಲ್ಲಿದ. ಮೂರನೆಯ ಸಲ ತಿಳಿಯಾಗಿ ಬಂತು. ಬೊಗಸೆ ತುಂಬಲು ಕಾಯಬೇಕು, ಆದರೆ ನಿಲ್ಲಲಿಲ್ಲ.

ಆ ನೀರನ್ನು ಮೈ ಒರೆಸಲು ಬಳಸಿ, ಉಳಿದಿದ್ದ ಒಳ್ಳೆಯ ನೀರನ್ನು ಕಾಕಾನಿಗೆ ಕುಡಿಯಲು ಕೊಟ್ಟೆವು. ಒಂದು ತಾಸಿನಲ್ಲಿ ಮೈ ತಂಪಾಗಿ ಬೆವರು ಕಾಣಿಸಿತು. ಕಣ್ಣು ಬಿಟ್ಟು ಅವರು ಕೇಳಿದ ಮೊದಲ ಮಾತು, "ಕಂಬಿ ಎಲ್ಲೈತಿ? ನೆಲಕ್ಕ ಇಟ್ಟೀರೇನು?" ಇಟ್ಟಿರಲಿಲ್ಲ. ಆಗ ಎಲ್ಲರೂ ನಕ್ಕೆವು. ಬಿದಿರು ಗಳಕ್ಕೆ ಕಂಬಳಿ ಕಟ್ಟಿ ಅವರನ್ನು ಹೊತ್ತುಕೊಂಡೇ ಮುಂದೆ ಹೊರಟೆವು. ಚೆಂಚು ಹಿರಿಯನಿಗೆ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಾಗ ತೆಗೆದುಕೊಂಡ. ಹೋಗುವ ಮುಂಚೆ ತೋಡಿದ ಕುಳಿಯ ಮೇಲೆ ಎರಡು ಕಲ್ಲು ಇಟ್ಟು ಟೊಂಗೆ ಮುಚ್ಚಿದ. ಬಿಸಿಲು ತಾಗಬಾರದು, ಬೇರೆಯವರಿಗೂ ಬೇಕು ಎಂದು ಸನ್ನೆಯಲ್ಲಿ ಹೇಳಿದ.

ಪೆಚ್ಚೆರುವು

ಹೊತ್ತು ಮುಳುಗುವಾಗ ಪೆಚ್ಚೆರುವು ಸೇರಿದೆವು. ಕಾಡಿನ ನಡುವೆ ಕೆರೆ, ಅದರ ಹತ್ತಿರ ಚೆಂಚರ ಗುಡಿಸಲುಗಳು. ಅಲ್ಲಿ ಠಿಕಾಣಿ ಹಾಕಿದ್ದ ಡಾಕ್ಟರು ಕಾಕಾನಿಗೆ ಸಲೈನ್ ಹಚ್ಚಿದರು. ಮರುದಿನ ಅವರನ್ನು ಗಾಡಿಯಲ್ಲಿ ಕಳಿಸಿದೆವು. ಶ್ರೀಶೈಲದಲ್ಲಿ ನಮಗಿಂತ ಮುಂಚೆ ಹೋಗಿ ಕುಳಿತಿದ್ದರು. ಹನ್ನೊಂದನೆಯ ನಡಿಗೆ ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬುದೊಂದೇ ಅವರ ಚಿಂತೆ.

ರಾತ್ರಿ ಮಲಗಿದಾಗ ಕಾಳು ಎಣಿಸಿದೆ. ಎಡಗಡೆ ಕಿಸೆಯಲ್ಲಿ ಏಳು. ದಿನಕ್ಕೆ 7 ಲೀಟರ್. ಆಗ ಹಾದಿಯ ಹೆಸರುಗಳು ಒಂದೊಂದಾಗಿ ಅರ್ಥ ಬಿಟ್ಟುಕೊಟ್ಟವು. ಪೆಚ್ಚೆರುವು ಅಂದರೆ ಪೆದ್ದ ಚೆರುವು, ದೊಡ್ಡ ಕೆರೆ. ಮುಂದಿನದು ಮಠಂಬಾವಿ, ಮಠದ ಬಾವಿ. ಅದರ ಮುಂದಿನದು ಭೀಮುನಿಕೊಲನು, ಭೀಮನ ಕೊಳ. ಕೆರೆ, ಬಾವಿ, ಕೊಳ. ಈ ಹಾದಿಯನ್ನು ಹಾಕಿದ ಹಿರಿಯರು ಠಿಕಾಣಿಗಳನ್ನು ಹರದಾರಿಯ ಲೆಕ್ಕದಲ್ಲಿ ಇಡಲಿಲ್ಲ, ನೀರಿನ ಲೆಕ್ಕದಲ್ಲಿ ಇಟ್ಟರು. ಹೊತ್ತ ನೀರು ಮುಗಿಯುವುದರೊಳಗೆ ನಿಂತ ನೀರು ಸಿಗಬೇಕು. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಮನುಷ್ಯ ನಿಂತ.

ನಮ್ಮ ಕಡೆಯೂ ಹಾಗೇ ಇತ್ತು. ಚಕ್ಕಡಿ ಹೂಡಿಕೊಂಡು ಪೇಟೆಗೆ ಹೋಗುವಾಗ ಎತ್ತು ಕೊಳ್ಳ ಹರಿಯುತ್ತಿದ್ದದ್ದು ಬಾವಿ ಇದ್ದಲ್ಲಿ. ಊರಿನ ಹಳ್ಳದಲ್ಲಿ ಬೇಸಿಗೆಯಲ್ಲೂ ಒರ್ತಿ ತೋಡಿ ನೀರು ತರುತ್ತಿದ್ದರು. ನಮ್ಮವ್ವ ಹೊತ್ತ ನೀರೇ ಅದು. ಈಗ ಆ ಹಳ್ಳದಲ್ಲಿ ಎಷ್ಟು ತೋಡಿದರೂ ಒರ್ತಿ ಇಲ್ಲ, ಯಾಕೆಂದರೆ ಉಸುಕೇ ಇಲ್ಲ. ಮನೆ ಕಟ್ಟಲು, ಮಾರಲು, ಟ್ರ್ಯಾಕ್ಟರುಗಟ್ಟಲೆ ಎತ್ತಿ ಹೋಯಿತು. ಉಸುಕು ಅಂದರೆ ಬಿಸಿಲಿಗೆ ಆರದ ಹಾಗೆ ಮುಚ್ಚಿಟ್ಟ ನೀರಿನ ಹಗೇವು. ಹಗೇವನ್ನೇ ಅಗೆದು ಮಾರಿದ ಮೇಲೆ ಕಾಳು ಎಲ್ಲಿಡುವುದು?

ಒಂದು ಮಿಲಿಮೀಟರಿನ ಲೆಕ್ಕ

ಆ ರಾತ್ರಿ ಮಾಡಿದ ಲೆಕ್ಕ ಬರೆಯುತ್ತೇನೆ. ನಾನು ಏಳನೆಯತ್ತೆ ಓದಿದವನು, ಇದು ಗುಣಾಕಾರ ಅಷ್ಟೇ. ನೀವೂ ಮಾಡಿ ನೋಡಿ.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಒಂದು ಎಕರೆ ಅಂದರೆ 4047 ಚದರ ಮೀಟರ್. ಹಾಗಾದರೆ ಎಕರೆಯ ಮೇಲೆ ಬಿದ್ದ 1 ಮಿ.ಮೀ. ಮಳೆ 4047 ಲೀಟರ್. ನಮ್ಮ ದಂಡು 40 ಮಂದಿ, ತಲೆಗೆ 7 ಲೀಟರಿನಂತೆ ದಿನಕ್ಕೆ 280 ಲೀಟರ್, 14 ದಿನಕ್ಕೆ 3920 ಲೀಟರ್. ಅಂದರೆ ಧೂಳು ಅಡಗಿಸಲೂ ಸಾಲದ 1 ಮಿ.ಮೀ. ಮಳೆ, ಒಂದೇ ಎಕರೆಯದು, 40 ಮಂದಿಯನ್ನು ಊರಿಂದ ಶ್ರೀಶೈಲದ ತನಕ ನೀರು ಕುಡಿಸುತ್ತದೆ.

ನಮ್ಮ ಕಡೆ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ. ಎಕರೆಗೆ 22 ಲಕ್ಷ ಲೀಟರ್. ಬರಗಾಲದಲ್ಲಿ ಅರ್ಧವೇ ಬಂತೆನ್ನಿ, ಆಗಲೂ 11 ಲಕ್ಷ. 5000 ಲೀಟರಿನ ಟ್ಯಾಂಕರ್ 220 ಸಲ ಬಂದು ಸುರಿದ ಹಾಗೆ. ಅದರಲ್ಲಿ ಎಷ್ಟು ಹೊಲದಲ್ಲಿ ನಿಂತಿತು, ಎಷ್ಟು ಬದು ಒಡೆದುಕೊಂಡು ಹಳ್ಳಕ್ಕೆ ಹೋಯಿತು? ನಾವು 500 ಅಡಿ ಕೆಳಗಿನ ನೀರಿನ ಪಾಯಿಂಟು ಹುಡುಕುತ್ತೇವೆ. ಮೇಲೆ ಬಿದ್ದ ನೀರು ಹೊಲ ದಾಟುವ ಪಾಯಿಂಟು ಯಾವುದೆಂದು ನೋಡುವುದಿಲ್ಲ.

ಊರಿಗೆ ಬಂದ ಮೇಲೆ

ತಮ್ಮನಿಗೆ ಎಲ್ಲ ಹೇಳಿದೆ. ಅವನು ಸುಮ್ಮನೆ ಒಪ್ಪುವವನಲ್ಲ. "ಅಣ್ಣಾ, ಹೊಂಡ ಮಳಿ ಬಂದ್ರ ಅಷ್ಟ. ಮಳಿ ಬರಲಿಲ್ಲ ಅಂದ್ರ ಒಣಾ ತಗ್ಗು ನೋಡಕೋತ ಕುಂಡ್ರೂದು?" ಅಂದ. ಮಾತು ಸುಳ್ಳಲ್ಲ. ನಾನು ಕೇಳಿದೆ: "ಮಳಿ ಬರದ ವರ್ಷ ಬೋರ್ ಏನಾತು? ಅದೂ ಬತ್ತಿತಲ್ಲೋ. ಬೋರಿನೊಳಗ ನೀರು ಹಾಕಾಂವ ಯಾರು? ಅದ ಮಳಿ." ಎರಡು ದಿನ ಮನೆಯಲ್ಲಿ ಇದೇ ಜಗಳ. ಕೊನೆಗೆ ಬೋರಿನ ಮಾತು ಒಂದು ವರ್ಷ ಮುಂದಕ್ಕೆ ಹಾಕಿ, ಕೂಡಿಸಿದ ಹಣದಲ್ಲಿ ಸ್ವಲ್ಪವನ್ನು ಹೊಲದ ಮೇಲಿನ ನೀರಿಗೆ ಹಾಕುವುದೆಂದು ಒಪ್ಪಿದೆವು. ರಿಗ್ಗಿನವರಿಗೆ ಬರಬೇಡಿ ಎಂದು ಅವನೇ ಫೋನ್ ಮಾಡಿದ.

ಮಾಡಿದ ಕೆಲಸ ಮೂರು:

ಒಂದು, ಹೊಲದ ನೀರು ಹೊರಗೆ ಬೀಳುವ ತಗ್ಗಿನ ಮೂಲೆಯಲ್ಲಿ ಹೊಂಡ. ಮೇಲ್ಬಾಯಿ 15 ಮೀಟರ್ ಉದ್ದ, 15 ಮೀಟರ್ ಅಗಲ, ಆಳ 3 ಮೀಟರ್. ದಂಡೆ ನೆಟ್ಟಗೆ ಕಡಿಯಬಾರದು, ಕುಸಿಯುತ್ತದೆ. ಒಂದಕ್ಕೊಂದರಂತೆ ಇಳಿಜಾರು ಬಿಟ್ಟರೆ ತಳ 9 ಮೀಟರ್ ಚದರ ಉಳಿಯುತ್ತದೆ. ಇದರಲ್ಲಿ ಹಿಡಿಯುವುದು ಸುಮಾರು 4 ಲಕ್ಷ 40 ಸಾವಿರ ಲೀಟರ್. ಆಳವಾದ ಎರೆ ಮಣ್ಣಾದ್ದರಿಂದ ತಾಡಪಾಲ ಹಾಸಲಿಲ್ಲ. ಮಸಾರಿ ಹೊಲದಲ್ಲಿ ಹಾಸದೆ ನೀರು ನಿಲ್ಲದು. ನೀರು ಒಳಬರುವ ಬಾಯಿಗೆ ಕಲ್ಲು ಜೋಡಿಸಿ, ಅದರ ಮುಂದೆ ಹೂಳು ಇಳಿಯಲು ಸಣ್ಣ ತಗ್ಗು ಮಾಡಿದೆವು. ಸುತ್ತ ಬೇಲಿ ಕಡ್ಡಾಯ, ಮಕ್ಕಳು ದನ ಬಿದ್ದ ಸುದ್ದಿ ಪ್ರತಿವರ್ಷ ಕೇಳುತ್ತೇವೆ. ಜೆಸಿಬಿ 13 ತಾಸು ಕೆಲಸ ಮಾಡಿತು. ಎಲ್ಲ ಸೇರಿ 32 ಸಾವಿರ ಖರ್ಚು.

ಎರಡು, ಹಿಂಗಾರಿ ಬಿತ್ತುವ 5 ಎಕರೆಯಲ್ಲಿ ಮುಂಗಾರಿನಲ್ಲೇ ಚೌಕು ಮಡಿ. ಇಳಿಜಾರಿಗೆ ತಕ್ಕಂತೆ ಸಣ್ಣ ಸಣ್ಣ ಮಡಿ ಕಟ್ಟಿದರೆ ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಎತ್ತು, ಮನೆಯ ಆಳು ಇದ್ದರೆ ಖರ್ಚು ಇಲ್ಲದ ಕೆಲಸ.

ಮೂರು, ತೊಗರಿ ಕಟ್ಟಿಗೆ ಎಲೆಗೆ ಬೆಂಕಿ ಹಚ್ಚುವುದು ಬಂದ್. ಒಲೆಗೆ ಬೇಕಾದಷ್ಟು ತೆಗೆದು ಉಳಿದದ್ದನ್ನು ಬದುವಿನ ಗುಂಟ ಒಟ್ಟಿದೆವು.

2024ರಲ್ಲಿ ಮಳೆ ಒಳ್ಳೆಯದಾಯಿತು. ಹೊಂಡ ಜೂನಿನಲ್ಲಿ ಒಮ್ಮೆ, ಸಪ್ಟೆಂಬರಿನಲ್ಲಿ ಒಮ್ಮೆ ತುಂಬಿತು. ತುಂಬಿದ್ದೆಲ್ಲ ಕೈಗೆ ಸಿಗುವುದಿಲ್ಲ. ಬಿಸಿಲಿಗೆ ದಿನಕ್ಕೆ 8 ಮಿ.ಮೀ. ಆರಿದರೆ 225 ಚದರ ಮೀಟರಿಗೆ 1800 ಲೀಟರ್ ಹೋಯಿತು. ಆದ್ದರಿಂದ ಬೇಸಿಗೆಗೆ ಉಳಿಸುತ್ತೇನೆ ಎನ್ನಬಾರದು, ಬೆಳೆಗೆ ಬೇಕಾದಾಗ ಕೊಟ್ಟುಬಿಡಬೇಕು. ಕಡಲೆ ಹೂವಿಗೆ ಬಂದಾಗ ಬಾಡಿಗೆ ಡೀಸೆಲ್ ಪಂಪು, ಸ್ಪ್ರಿಂಕ್ಲರ್ ಹಚ್ಚಿ 2 ಎಕರೆಗೆ ಒಂದು ನೀರು ಕೊಟ್ಟೆವು. ಅಷ್ಟಕ್ಕೇ ಹೊಂಡ ಖಾಲಿ. ನೀರು ಕೊಟ್ಟಲ್ಲಿ ಎಕರೆಗೆ 6 ಕ್ವಿಂಟಲ್, ಕೊಡದಲ್ಲಿ 4. ಇದು ಒಂದೇ ವರ್ಷದ, ಅದೂ ಒಳ್ಳೆಯ ಮಳೆಯ ವರ್ಷದ ಲೆಕ್ಕ. ಬರದ ವರ್ಷದ ಪರೀಕ್ಷೆ ಇನ್ನೂ ಬಾಕಿ ಇದೆ. ಬೋರು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೇಲಿನ ನೀರು ನಿಲ್ಲಿಸಿದ ಮೇಲೆ ಕೆಳಗಿನ ನೀರಿನ ಮಾತು ಆಡೋಣ ಎನ್ನುತ್ತೇನೆ.

ನಡೆಯುವವರಿಗೆ ನಾಲ್ಕು ಮಾತು

ಈ ಹಾದಿಗೆ ಹೊರಡುವವರು ಇಷ್ಟು ನೆನಪಿಡಿ. ಹೊಸ ಚಪ್ಪಲಿ ಬೇಡ, ಕಾಲಿಗೆ ಹೊಂದಿದ ಹಳೆಯದೇ ಇರಲಿ. ಬೊಬ್ಬೆ ಎದ್ದರೆ ಸಿಪ್ಪೆ ಕೀಳಬೇಡಿ. ಬಿಸಿನೀರಲ್ಲಿ ಕುದಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಟ್ಟು ಸ್ವಚ್ಛ ಬಟ್ಟೆ ಕಟ್ಟಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನೂ ಮಾಡದೆ ಡಾಕ್ಟರಿಗೆ ತೋರಿಸಿ. ಹನ್ನೊಂದರಿಂದ ಮೂರರ ತನಕ ಏರು ಹತ್ತಬೇಡಿ. ಬಾಯಾರುವ ಮುಂಚೆಯೇ ಕುಡಿಯಿರಿ, ತಲೆಗೆ ಮೂರು ಲೀಟರಿಗಿಂತ ಕಡಿಮೆ ಹೊತ್ತು ಏರು ಹತ್ತಬೇಡಿ, ಮುಂದಿನ ಡ್ರಮ್ ನಂಬಿ ಕೈಯಲ್ಲಿರುವುದನ್ನು ಚೆಲ್ಲಬೇಡಿ. ವಯಸ್ಸಾದವರನ್ನು ಹಿಂದೆ ಬಿಡದೆ ದಂಡಿನ ನಡುವೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಚೀಲ, ಬಾಟಲಿ ಕಾಡಿನಲ್ಲಿ ಎಸೆಯಬೇಡಿ, ಬೀಡಿ ಕಡ್ಡಿಯನ್ನಂತೂ ಎಸೆಯಲೇಬೇಡಿ. ಆ ಎಲೆಯ ಹಾಸಿಗೆಗೆ ಒಂದು ಕಿಡಿ ಸಾಕು.

ಮತ್ತೊಂದು. ಬಸ್ಸಿನಲ್ಲಿ ಹೋದರೆ ಹೊಲಗಳು ಓಡುತ್ತವೆ, ನಡೆದು ಹೋದರೆ ನಿಂತು ಮಾತಾಡಿಸುತ್ತವೆ. ಶ್ರೀಶೈಲಕ್ಕೇ ಹೋಗಬೇಕೆಂದಿಲ್ಲ. ಮುಂದಿನ ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಕೂಡಲೇ ಸಲಿಕೆ ಹಿಡಿದು ನಿಮ್ಮ ಹೊಲದ ಬದುವಿನ ಗುಂಟ ಒಂದು ಸುತ್ತು ನಡೆಯಿರಿ. ಒಂದು ತಾಸಿನ ಕೆಲಸ. ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಎಲ್ಲಿ ಒಡೆದುಕೊಂಡು ಹೋಯಿತು ಎಂದು ಗುರುತು ಮಾಡಿ, ಅಲ್ಲಿ ಗೂಟ ಹೊಡೆದು ಬನ್ನಿ. ಹೊಂಡವೋ ಒಡ್ಡೋ ಮಡಿಯೋ, ಏನು ಮಾಡಬೇಕೆಂದು ಆ ಗೂಟವೇ ಹೇಳುತ್ತದೆ. ನಿಮ್ಮ ಹೊಲದಲ್ಲಿ ಏನು ಕಂಡಿತೆಂದು ಪತ್ರಿಕೆಗೆ ಬರೆಯಿರಿ, ಎಲ್ಲರಿಗೂ ಉಪಯೋಗವಾದೀತು.